ಬೆಲೆ ಬರೆಯಿರಿ, ಹಿಂಬದಿ ತೋರಿಸಿ

ಕಾರ್ಡು ಕೂಡಿಡುವವರ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬೀಳುತ್ತದೆ. ಟ್ಯೂಬ್‌ಲೈಟಿನ ಬೆಳಕು ಅಡ್ಡಡ್ಡ ಹೊಳೆಯುತ್ತಿರುವ ಒಂದು ಪೊಕೆಮಾನ್ ಕಾರ್ಡು, ಕೆಳಗೆ ‘ಸೇಲ್‌ಗಿದೆ, ಬೇಕಾದೋರು ಪರ್ಸನಲ್ಲಿಗೆ ಬನ್ನಿ’ ಅಂತ ಒಂದೇ ಸಾಲು. ಆಮೇಲೆ ಶುರುವಾಗುತ್ತದೆ: ‘ಎಷ್ಟು ಬ್ರೋ?’, ‘ಯಾವ ಸೆಟ್ಟು?’, ‘ಒರಿಜಿನಲ್ಲಾ?’, ‘ಹಿಂದ್ಗಡೆ ಹಾಕಿ ಸರ್’, ‘ಮಂಡ್ಯಕ್ಕೆ ಕಳಿಸ್ತೀರಾ?’ ಹಾಕಿದವರು ಅಷ್ಟರಲ್ಲಿ ಫೋನ್ ಇಟ್ಟು ಊಟಕ್ಕೆ ಎದ್ದಿರುತ್ತಾರೆ. ವಾಪಸ್ ಬಂದು ನೋಡಿದರೆ ಮೂವರು ‘ನಾನೇ ಫಸ್ಟು ಕೇಳಿದ್ದು’ ಅಂತ ಕೂತಿದ್ದಾರೆ, ಒಬ್ಬರು ‘ಅದು ಡೂಪ್ಲಿಕೇಟು’ ಅಂದು ಹೋಗಿದ್ದಾರೆ, ಅಡ್ಮಿನ್ ಗ್ರೂಪಿಗೆ ಬೀಗ ಜಡಿದಿದ್ದಾರೆ.

ಮೈಸೂರು, ಮಂಡ್ಯದ ಕಡೆ ಕಾರ್ಡು ಕೂಡಿಡುವವರ ವಾಟ್ಸಾಪ್ ಗ್ರೂಪುಗಳಲ್ಲಿ ಮನಸ್ತಾಪ ಹುಟ್ಟುವುದು ಮೋಸಕ್ಕಿಂತ ಹೆಚ್ಚಾಗಿ ಇಂಥ ಅರ್ಧಂಬರ್ಧ ಪೋಸ್ಟುಗಳಿಂದ. ಅಂಗಡಿಯಲ್ಲಾದರೆ ಕಾರ್ಡನ್ನು ಕೈಗೆತ್ತಿಕೊಂಡು, ತಿರುಗಿಸಿ, ಅಂಗಡಿಯವರ ಮುಖ ನೋಡಿ, ಚೌಕಾಸಿ ಮಾಡಿ ತಗೋಬಹುದು. ಗ್ರೂಪಿನಲ್ಲಿ ಆ ಅಷ್ಟೂ ಕೆಲಸ ಪೋಸ್ಟಿನದು. ಕೆ.ಆರ್. ಪೇಟೆಯಲ್ಲಿ ಕೂತಿರುವ, ನಿಮ್ಮ ಗುರುತುಪರಿಚಯವೇ ಇಲ್ಲದ ಒಬ್ಬರು ಒಂದೂ ಪ್ರಶ್ನೆ ಕೇಳದೆ ‘ಬೇಕು’, ‘ಬೇಡ’ ಎಂದು ತೀರ್ಮಾನಿಸುವ ಹಾಗಿರಬೇಕು. ಗ್ರೂಪ್ ಡಿಸ್ಕ್ರಿಪ್ಷನ್ನಿನಲ್ಲಿ ಅಡ್ಮಿನ್‌ಗಳು ಉದ್ದುದ್ದ ಬರೆದಿಡುವ ನಿಯಮಗಳ ಹಿಂದಿರುವುದು ಇದೊಂದೇ ಅಳತೆಗೋಲು.

ಮೊದಲು ಗುರುತು. ಪೊಕೆಮಾನ್ ಪಾತ್ರದ ಹೆಸರೊಂದೇ ಸಾಲದು, ಪಿಕಾಚು ಅಂದರೆ ಯಾವ ಪಿಕಾಚು? ಕಾರ್ಡಿನ ಕೆಳ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ. ಈಗಿನವುಗಳಲ್ಲಿ ಎಡಕ್ಕೆ, ಹಳೆಯವುಗಳಲ್ಲಿ ಬಲಕ್ಕೆ. ಕಂಪನಿ ಒಟ್ಟಿಗೆ ಹೊರತರುವ ಕಾರ್ಡುಗಳ ಗುಂಪಿಗೆ ಸೆಟ್ಟು ಎನ್ನುತ್ತಾರೆ. 2023ರಲ್ಲಿ ಬಂದ 151 ಎಂಬ ಸೆಟ್ಟಿನಲ್ಲಿ 025/165 ಮಾಮೂಲಿ ಪಿಕಾಚು. ಅದೇ ಸೆಟ್ಟಿನ 173/165 ಇಡೀ ಕಾರ್ಡಿನ ತುಂಬ ಚಿತ್ರ ಹರಡಿರುವ ಪಿಕಾಚು. ಎರಡರ ಬೆಲೆಗೂ ಅಜಗಜಾಂತರ. ಹೊಸಬರು ಇದನ್ನು ನೋಡಿದ ಕೂಡಲೇ ‘165ರಲ್ಲಿ 173 ಹೆಂಗೆ ಬರುತ್ತೆ, ಫೇಕು’ ಎಂದುಬಿಡುತ್ತಾರೆ. ಗೆರೆಯ ಆಚೆಗಿರುವುದು ಸೆಟ್ಟಿನ ಮೂಲಪಟ್ಟಿಯ ಲೆಕ್ಕ. ಅದನ್ನು ದಾಟಿದವು ಸೀಕ್ರೆಟ್ ರೇರ್. 151 ಸೆಟ್ಟಿನಲ್ಲಿ ಸಂಖ್ಯೆ 207ರ ತನಕ ಹೋಗುತ್ತದೆ. ಹಾಗಾಗಿ ಪೋಸ್ಟಿನಲ್ಲಿ ಸೆಟ್ಟಿನ ಹೆಸರು, ಪೂರ್ತಿ ಸಂಖ್ಯೆ, ಭಾಷೆ (ಇಂಗ್ಲಿಷೋ ಜಪಾನಿಯೋ), ಮಾಮೂಲಿಯೋ ರಿವರ್ಸ್ ಹೋಲೋನೋ (ಚಿತ್ರ ಬಿಟ್ಟು ಉಳಿದ ಭಾಗ ಹೊಳೆಯುವಂಥದ್ದು), ಎಷ್ಟು ಪ್ರತಿ ಇವೆ, ಇಷ್ಟೂ ಬೇಕು. 1999ರ ಇಂಗ್ಲಿಷ್ ಬೇಸ್ ಸೆಟ್ ಕಾರ್ಡು ಯಾರ ಹತ್ತಿರವಾದರೂ ಇದ್ದರೆ ಚಿತ್ರದ ಚೌಕಟ್ಟಿನ ಎಡಗಡೆ ಕೆಳಮೂಲೆ ಮತ್ತು ಬಲ ಅಂಚು ಎರಡನ್ನೂ ಹತ್ತಿರದಿಂದ ತೆಗೆದು ಹಾಕಬೇಕು. ಮೊದಲನೆಯ ಕಡೆ ಫಸ್ಟ್ ಎಡಿಷನ್ ಮುದ್ರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಎರಡನೆಯ ಕಡೆ ಚೌಕಟ್ಟಿಗೆ ನೆರಳು ಇಲ್ಲದಿದ್ದರೆ ಅದು ಶ್ಯಾಡೋಲೆಸ್.

ಟಾಪ್ಸ್ ಕಂಪನಿಯ ಕ್ರಿಕೆಟ್ ಅಟ್ಯಾಕ್ಸ್ (ಕ್ರಿಕೆಟಿಗರ ಕಾರ್ಡು), ಸ್ಲಾಮ್ ಅಟ್ಯಾಕ್ಸ್ (ಕುಸ್ತಿಪಟುಗಳ ಕಾರ್ಡು) ಕೂಡಿಡುವವರಿಗೆ ಸೀಸನ್ನೇ ಮುಖ್ಯ. ಅದೇ ಆಟಗಾರ ಬೇರೆ ಬೇರೆ ಸೀಸನ್ನಿನಲ್ಲಿ ಬೇರೆ ಬೇರೆ ಸಂಖ್ಯೆಯಲ್ಲಿ ಬಂದಿರುತ್ತಾನೆ. ಇವರ ವ್ಯವಹಾರ ಒಂದು ಕಾರ್ಡಿನದಲ್ಲ, ಪಟ್ಟಿಯದು. ‘ನನ್ನ ಹತ್ರ ಇರೋದು ಇವು’ ಅಂತ ಆಲ್ಬಮ್ಮಿನ ಮೂವತ್ತು ಹಾಳೆಯ ಫೋಟೊ ಸುರಿದರೆ ಯಾರೂ ನೋಡುವುದಿಲ್ಲ. ‘ಬೇಕು’, ‘ಡಬಲ್ ಇದೆ’ ಎಂದು ಎರಡು ಸಾಲು ಮಾಡಿ, ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆದರೆ ಎದುರಿನವರು ತಮ್ಮ ಪಟ್ಟಿಯ ಪಕ್ಕ ಇಟ್ಟು ಎರಡು ನಿಮಿಷದಲ್ಲಿ ತಾಳೆ ನೋಡುತ್ತಾರೆ. ತೊಂಬತ್ತರ ದಶಕದ ಕುಸ್ತಿಪಟುಗಳ ಟ್ರಂಪ್ ಕಾರ್ಡಿಗೆ ಇನ್ನೂ ಸರಳ: ಕಟ್ಟಿನಲ್ಲಿ ಎಷ್ಟು ಎಲೆ ಇವೆ, ಯಾವ ರ‍್ಯಾಂಕು ಕಳೆದಿದೆ, ಡಬ್ಬಿ ಇದೆಯೋ ಇಲ್ಲವೋ.

ಹೆಸರನ್ನು ಕಾರ್ಡಿನ ಮೇಲಿರುವ ಹಾಗೆ ಇಂಗ್ಲಿಷ್ ಅಕ್ಷರದಲ್ಲೇ ಬರೆಯುವುದು ಒಳ್ಳೆಯದು, ಉಳಿದ ವಿವರ ಕನ್ನಡದಲ್ಲಿರಲಿ. Charizard ಎಂಬ ಒಂದೇ ಹೆಸರನ್ನು ಚಾರಿಜಾರ್ಡ್, ಚರಿಝಾರ್ಡ್, ಚಾರ್ಜಾರ್ಡ್ ಅಂತ ಒಬ್ಬೊಬ್ಬರು ಒಂದೊಂದು ಥರ ಬರೆದರೆ ಆರು ತಿಂಗಳ ಮೇಲೆ ವಾಟ್ಸಾಪಿನಲ್ಲಿ ಹುಡುಕುವವರಿಗೆ ಏನೂ ಸಿಗುವುದಿಲ್ಲ. ಬೆಲೆಯನ್ನು ವಾಯ್ಸ್ ನೋಟಿನಲ್ಲಿ ಹೇಳುವವರಂತೂ ಗ್ರೂಪಿನ ನೆನಪಿಗೇ ಕಲ್ಲು ಹಾಕುತ್ತಾರೆ.

ಕಾರ್ಡಿನ ಸ್ಥಿತಿಗೆ ಚಾಲ್ತಿಯಲ್ಲಿರುವುದು ಐದು ಮೆಟ್ಟಿಲು: ನಿಯರ್ ಮಿಂಟ್, ಲೈಟ್ಲಿ ಪ್ಲೇಡ್, ಮಾಡರೇಟ್ಲಿ ಪ್ಲೇಡ್, ಹೆವಿಲಿ ಪ್ಲೇಡ್, ಡ್ಯಾಮೇಜ್ಡ್. ‘ಸೂಪರ್ ಕಂಡೀಷನ್’, ‘ಒಂದು ಸಲಾನೂ ಆಡಿಲ್ಲ’ ಇವು ಯಾವ ಮೆಟ್ಟಿಲೂ ಅಲ್ಲ. ಆಡದೆಯೂ ಕಾರ್ಡು ಹಾಳಾಗುತ್ತದೆ. ಹಾಳೆಯಿಂದ ಹಾಳೆಗೆ ಎಳೆದು ಹಾಕುವಾಗಲೇ ಹಿಂಬದಿಯ ನೀಲಿ ಅಂಚು ಉದುರಿ ಬಿಳಿ ಚುಕ್ಕೆ ಕಾಣಿಸುತ್ತದೆ. ಮೆಟ್ಟಿಲಿನ ಹೆಸರಿಗಿಂತ ದೋಷವನ್ನು ಬಾಯಿಬಿಟ್ಟು ಬರೆಯುವುದು ಹೆಚ್ಚು ಉಪಯೋಗ: ‘ಹಿಂದೆ ಎಡ ಕೆಳಮೂಲೆಯಲ್ಲಿ ಬಿಳಿ ಚುಕ್ಕೆ, ಮುಂದೆ ಚಿತ್ರದ ಮೇಲೆ ಒಂದು ಕೂದಲೆಳೆ ಗೀರು, ಓರೆ ಮಾಡಿದರೆ ಮಾತ್ರ ಕಾಣುತ್ತೆ.’ ಮಡಿಕೆಯ ಗೆರೆ ಎಷ್ಟೇ ಸಣ್ಣದಿದ್ದರೂ ಅದು ನಿಯರ್ ಮಿಂಟ್ ಅಲ್ಲ, ಇದರಲ್ಲಿ ವಾದವೇ ಇಲ್ಲ.

‘ಪಿಎಸ್‌ಎ 10 ಗ್ಯಾರಂಟಿ’ ಅಂತ ಬರೆಯುವ ಚಟ ಬೇರೆ ಇದೆ. ಪಿಎಸ್‌ಎ ಅಮೆರಿಕದ ಗ್ರೇಡಿಂಗ್ ಕಂಪನಿ, 1ರಿಂದ 10ರವರೆಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸುತ್ತದೆ. 10 ಬರಬೇಕಾದರೆ ಮುಂಬದಿಯ ಚಿತ್ರ ಅಂಚುಗಳ ನಡುವೆ ಸುಮಾರು 55ಕ್ಕೆ 45ರ ಒಳಗೆ ಕೂತಿರಬೇಕು. ಎಡ ಅಂಚು 3.3 ಮಿ.ಮೀ., ಬಲ ಅಂಚು 2.7 ಮಿ.ಮೀ. ಇದ್ದರೆ ಅಲ್ಲಿಗೆ ಮಿತಿ ಮುಟ್ಟಿತು. ಬರಿಗಣ್ಣಿಗೆ ಅದು ನೆಟ್ಟಗೇ ಕಾಣುತ್ತದೆ. ಗ್ರೇಡ್ ಆಗದ ಕಾರ್ಡಿಗೆ ಅಂಕ ಹೇಳುವ ಬದಲು ಸ್ಕೇಲಿಟ್ಟು ಅಳೆದು ಅಳತೆಯನ್ನೇ ಬರೆಯಿರಿ. ಗ್ರೇಡ್ ಆಗಿದ್ದರೆ ಸರ್ಟಿಫಿಕೇಟ್ ನಂಬರನ್ನು ಮುಚ್ಚದೆ ಫೋಟೊ ಹಾಕಿ, ಕೊಳ್ಳುವವರು ಪಿಎಸ್‌ಎ ಜಾಲತಾಣದಲ್ಲಿ ನೋಡಿಕೊಳ್ಳುತ್ತಾರೆ. ನಂಬರು ಸರಿಯಿದ್ದ ಮಾತ್ರಕ್ಕೆ ಒಳಗಿನದು ಅದೇ ಕಾರ್ಡು ಎನ್ನುವ ಹಾಗೂ ಇಲ್ಲ. ಅಸಲಿ ನಂಬರನ್ನು ನಕಲಿ ಪೆಟ್ಟಿಗೆಗೆ ಅಂಟಿಸುವವರಿದ್ದಾರೆ.

ಈಗ ಫೋಟೊ. ಬೆಳಗ್ಗೆ ಎಂಟೂವರೆ ಒಂಬತ್ತರ ಹೊತ್ತಿಗೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಟೇಬಲ್ ಎಳೆದುಕೊಂಡು, ಮೇಲೆ ಕಪ್ಪು ಅಥವಾ ಕಡುನೀಲಿ ಬಟ್ಟೆ ಹಾಸಿ. ಹಿಂಬದಿಯ ಅಂಚು ಕಿತ್ತಿರುವುದು ಬಿಳಿ ಬೆಡ್‌ಶೀಟಿನ ಮೇಲೆ ಕಾಣುವುದೇ ಇಲ್ಲ, ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಹೂವಿನ ಡಿಸೈನ್ ಟೇಬಲ್‌ಕ್ಲಾತ್ ಬೇಡ, ಕ್ಯಾಮೆರಾ ಅದರ ಮೇಲೇ ಫೋಕಸ್ ಮಾಡುತ್ತದೆ. ಫ್ಲ್ಯಾಶ್ ಬೇಡ, ಗೀರುಗಳೆಲ್ಲ ಆ ಬಿಳುಪಿನಲ್ಲಿ ಮುಳುಗಿಹೋಗುತ್ತವೆ. ಕೈ ತೊಳೆದು ಒರೆಸಿಕೊಂಡು ಕಾರ್ಡನ್ನು ಸ್ಲೀವಿನಿಂದ, ಅಂದರೆ ಅದರ ತೆಳು ಪ್ಲಾಸ್ಟಿಕ್ ಕವಚದಿಂದ, ಹೊರಗೆ ತೆಗೆಯಿರಿ. ಸ್ಲೀವಿನ ಮೇಲಿನ ಗೀರು ಯಾವುದು, ಕಾರ್ಡಿನ ಮೇಲಿನ ಗೀರು ಯಾವುದು ಎಂದು ಫೋಟೊದಲ್ಲಿ ಯಾರಿಗೂ ತಿಳಿಯುವುದಿಲ್ಲ. ದುಬಾರಿ ಕಾರ್ಡನ್ನು ಹೊರತೆಗೆಯಲು ಭಯವಾದರೆ ಹೊಸ ಸ್ಲೀವಿಗೆ ಬದಲಾಯಿಸಿ ತೆಗೆಯಿರಿ.

ಬೇಕಾಗುವ ಚಿತ್ರಗಳು ಇಷ್ಟು: ಮುಂಬದಿ ನೇರವಾಗಿ, ಹಿಂಬದಿ ನೇರವಾಗಿ, ಹಿಂಬದಿಯ ನಾಲ್ಕು ಮೂಲೆ ಹತ್ತಿರದಿಂದ, ಮುಂಬದಿಯನ್ನು ಓರೆಯಾಗಿ ಹಿಡಿದು ಬೆಳಕು ಜಾರುವ ಹಾಗೆ ಒಂದು. ಇವುಗಳಲ್ಲಿ ಕಡೆಯದನ್ನು ಯಾರೂ ಹಾಕುವುದಿಲ್ಲ, ಹೊಳೆಯುವ ಹೋಲೋ ಕಾರ್ಡಿನ ಗೀರು ಕಾಣುವುದು ಅದರಲ್ಲಿ ಮಾತ್ರ. ಪಕ್ಕದಲ್ಲಿ ಒಂದು ಚೀಟಿಯಲ್ಲಿ ನಿಮ್ಮ ಹೆಸರು, ಆ ದಿನದ ತಾರೀಖು ಕೈಯಲ್ಲಿ ಬರೆದಿಡಿ, ಕಾರ್ಡಿಗೆ ತಾಗದ ಹಾಗೆ. ಗೂಗಲ್ಲಿನಿಂದ ಎತ್ತಿದ ಚಿತ್ರಕ್ಕೂ ಕೈಯಲ್ಲಿರುವ ಕಾರ್ಡಿಗೂ ಇರುವ ವ್ಯತ್ಯಾಸವೇ ಆ ಚೀಟಿ. ಚೀಟಿ ಇಲ್ಲದ ಪೋಸ್ಟನ್ನು ಅಡ್ಮಿನ್ ಅಳಿಸಿದರೆ ಮುಖ ಊದಿಸಿಕೊಳ್ಳುವಂಥದ್ದೇನಿಲ್ಲ. ಕಳಿಸುವಾಗ ಎಚ್‌ಡಿ ಗುಂಡಿ ಒತ್ತಿ, ಇನ್ನೂ ಸ್ಪಷ್ಟ ಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ, ಮೊದಲು ಮಾಯವಾಗುವುದು ಆ ಕೂದಲೆಳೆ ಗೀರೇ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಫಾಯಿಲ್ ಕಾರ್ಡಿನ ಮುಂಬದಿಯ ಹೊಳಪು ಪದರ ತೇವ ಹೀರುವುದಿಲ್ಲ, ಹಿಂದಿನ ಕಾಗದ ಹೀರಿ ಹಿಗ್ಗುತ್ತದೆ, ಅಂಚುಗಳು ಮುಖದ ಕಡೆ ಬಾಗುತ್ತವೆ. ಮಾರ್ಚ್, ಏಪ್ರಿಲ್ಲಿನ ಒಣ ಹವೆಯಲ್ಲಿ ಅದೇ ಕಾರ್ಡು ಹಿಂದಕ್ಕೆ ಬಾಗಬಹುದು. ಇದು ಡ್ಯಾಮೇಜ್ ಅಲ್ಲ, ಆದರೆ ಮುಚ್ಚಿಡುವ ಸಂಗತಿಯೂ ಅಲ್ಲ. ಟೇಬಲ್ಲಿನ ಮೇಲೆ ಮಲಗಿಸಿ ಪಕ್ಕದಿಂದ ಒಂದು ಫೋಟೊ ತೆಗೆದು ‘ಸ್ವಲ್ಪ ಬಾಗಿದೆ’ ಅಂತ ಬರೆಯಿರಿ. ಬಿಸಿಲಿಗಿಟ್ಟು, ಇಸ್ತ್ರಿಪೆಟ್ಟಿಗೆ ತಾಗಿಸಿ ನೆಟ್ಟಗೆ ಮಾಡಲು ಹೋದವರು ಫಾಯಿಲ್ ಪದರವನ್ನೇ ಎಬ್ಬಿಸಿಕೊಳ್ಳುತ್ತಾರೆ.

ನಮ್ಮ ಕಡೆಯವರು ನಿಜವಾಗಿ ಎಡವುವುದು ಬೆಲೆಯ ವಿಷಯದಲ್ಲಿ. ಕೇಳಿದರೆ ‘ನೀವೇ ಹೇಳಿ ಸರ್’, ‘ನಿಮಗೆ ಗೊತ್ತಿಲ್ಲದ್ದೇನಿದೆ’, ‘ನೋಡ್ಕೊಂಡು ಮಾಡಿ’. ಎದುರಾಬದುರು ಕೂತಾಗ ಇದು ಮರ್ಯಾದೆ. ಬಾಯಿಬಿಟ್ಟು ದುಡ್ಡು ಕೇಳುವುದಕ್ಕೆ ಒಂದು ಸಂಕೋಚ, ಆ ಸಂಕೋಚಕ್ಕೆ ಎದುರಿನವರೂ ಬೆಲೆ ಕೊಡುತ್ತಾರೆ. ಮುನ್ನೂರು ಜನರಿರುವ ಗ್ರೂಪಿನಲ್ಲಿ ಇದೇ ಮಾತು ಬೇರೆ ಕೆಲಸ ಮಾಡುತ್ತದೆ. ಬೆಲೆ ಕಟ್ಟುವ ಭಾರ ಪೂರ್ತಿ ಕೊಳ್ಳುವವರ ತಲೆಗೆ ಬೀಳುತ್ತದೆ. ಕಡಿಮೆ ಹೇಳಿದರೆ ‘ಸುಮ್ನೆ ಕಿತ್ಕೊಳ್ಳೋಕೆ ಬಂದಿದಾನೆ’ ಎನ್ನಿಸಿಕೊಳ್ಳಬೇಕು, ಜಾಸ್ತಿ ಹೇಳಿದರೆ ಕೈ ಸುಡುತ್ತದೆ. ನಾಲ್ಕು ಜನರ ಕೈಲಿ ಬೇರೆ ಬೇರೆಯಾಗಿ ಹೇಳಿಸಿಕೊಂಡು ‘ಆಯ್ತು ನೋಡ್ತೀನಿ’ ಅಂದರೆ ಅದು ಮುಚ್ಚುಮರೆಯ ಹರಾಜು.

ಹರಾಜು ಹಾಕುವುದು ತಪ್ಪಲ್ಲ. ಹಾಕುವುದಾದರೆ ಹಾಗೆಂದೇ ಬರೆಯಿರಿ: ಶುರು ಎಷ್ಟರಿಂದ, ಒಂದೊಂದು ಕೂಗಿಗೆ ಕನಿಷ್ಠ ಎಷ್ಟು ಏರಿಸಬೇಕು, ಯಾವ ದಿನ ಎಷ್ಟು ಗಂಟೆಗೆ ಮುಗಿಯುತ್ತದೆ. ಕೊನೆಯ ಐದು ನಿಮಿಷದಲ್ಲಿ ಕೂಗು ಬಂದರೆ ಇನ್ನೈದು ನಿಮಿಷ ಮುಂದಕ್ಕೆ ಎಂಬ ಸಾಲೂ ಇರಲಿ, ಇಲ್ಲದಿದ್ದರೆ ಎಲ್ಲರೂ 8.59ಕ್ಕೆ ಕಾಯುತ್ತಾ ಕೂರುತ್ತಾರೆ, ನೆಟ್‌ವರ್ಕ್ ಯಾರದ್ದು ಚೆನ್ನಾಗಿದೆಯೋ ಅವರು ಗೆಲ್ಲುತ್ತಾರೆ. ಶುರು ಬೆಲೆಗೇ ನಿಂತರೂ ಕೊಡಲೇಬೇಕು. ಆಮೇಲೆ ‘ಮನೇಲಿ ಬೇಡ ಅಂದ್ರು’ ನಡೆಯುವುದಿಲ್ಲ.

ಬೆಲೆ ಕಟ್ಟುವುದಕ್ಕೆ ಕೇಳಿದ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಇಬೇ ಜಾಲತಾಣದಲ್ಲಿ ಯಾರೂ ಕೊಳ್ಳದ ಕಾರ್ಡಿಗೆ ಯಾರು ಎಷ್ಟು ಬೇಕಾದರೂ ಬರೆದಿರಬಹುದು. ಸೋಲ್ಡ್ ಐಟಮ್ಸ್ ಎಂಬ ಫಿಲ್ಟರ್ ಹಾಕಿದರೆ ನಿಜ ತಿಳಿಯುತ್ತದೆ. ಕಾರ್ಡು ಮಾರುವ ಜಾಲತಾಣ ಟಿಸಿಜಿಪ್ಲೇಯರಿನ ಮಾರ್ಕೆಟ್ ಪ್ರೈಸ್ ಇತ್ತೀಚಿನ ಮಾರಾಟಗಳ ಮೇಲೆ ನಿಂತಿರುವಂಥದ್ದು, ಆದರೆ ಅದು ಅಮೆರಿಕದ ಪೇಟೆಯದು. ಅದನ್ನು ರೂಪಾಯಿಗೆ ಗುಣಿಸಿದ ಕೂಡಲೇ ಮೈಸೂರಿನ ಬೆಲೆ ಆಗುವುದಿಲ್ಲ. ದುಬಾರಿ ಕಾರ್ಡಿಗೆ ಹೊರಗಿನಿಂದ ತರಿಸುವ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಸೇರಿ ಇಲ್ಲಿ ಬೆಲೆ ಏರಬಹುದು. ಅಗ್ಗದ ಕಾರ್ಡಿಗೆ ಇದು ಉಲ್ಟಾ: ಮೂವತ್ತು ರೂಪಾಯಿಯ ಕಾರ್ಡನ್ನು ಅದಕ್ಕಿಂತ ಜಾಸ್ತಿ ಅಂಚೆ ಖರ್ಚು ಕೊಟ್ಟು ಯಾರೂ ತರಿಸುವುದಿಲ್ಲ. ಅಂಥವನ್ನು ಹತ್ತಿಪ್ಪತ್ತು ಒಟ್ಟುಗೂಡಿಸಿ ಲಾಟ್ ಮಾಡಿ, ಫೋಟೊದ ಮೇಲೆ 1, 2, 3 ಅಂತ ನಂಬರ್ ಬರೆದು ಹಾಕಿ. ಸ್ಥಿತಿಗೆ ಸ್ಥಿತಿ ಹೋಲಿಸಿ. ಪಿಎಸ್‌ಎ 10ರ ಬೆಲೆ ತೋರಿಸಿ ಬಿಡಿ ಕಾರ್ಡು ಮಾರುವುದು ಗ್ರೂಪಿನಲ್ಲಿ ನಗೆಪಾಟಲಿಗೆ ಸುಲಭದ ದಾರಿ.

ಚೌಕಾಸಿ ಇದ್ದೇ ಇರುತ್ತದೆ, ಇರಲಿ. ಮಾರುವವರು ‘ಫಿಕ್ಸೆಡ್’ ಎಂದೋ ‘ಹೆಚ್ಚುಕಮ್ಮಿ ಮಾತಾಡಬಹುದು’ ಎಂದೋ ಮೊದಲೇ ಬರೆದುಬಿಟ್ಟರೆ ಅರ್ಧ ಮಾತು ಕಡಿಮೆಯಾಗುತ್ತದೆ. ಕೊಳ್ಳುವವರ ಕಡೆಯಿಂದ ಒಂದೇ ನಿಯಮ: ಬೆಲೆ ಕೂಗಿ, ಮಾರುವವರು ‘ಆಯ್ತು’ ಅಂದರೆ ತಗೋಬೇಕು. ‘ಲಾಸ್ಟ್ ಎಷ್ಟು?’ ಅಂತ ಕೇಳಿ, ಇಳಿಸಿದ ಮೇಲೆ ‘ಸುಮ್ನೆ ಕೇಳ್ದೆ’ ಅನ್ನುವವರನ್ನು ಮುಂದಿನ ಸಲ ಯಾರೂ ಮಾತಾಡಿಸುವುದಿಲ್ಲ. ಬೇರೆಯವರ ಪೋಸ್ಟಿನ ಕೆಳಗೆ ‘ಜಾಸ್ತಿ ಆಯ್ತು’, ‘ಬೆಂಗಳೂರಲ್ಲಿ ಇದರ ಅರ್ಧಕ್ಕೆ ಸಿಗುತ್ತೆ’ ಎಂದು ಬರೆಯುವುದು, ಅದೇ ಕಾರ್ಡನ್ನು ‘ನನ್ನ ಹತ್ರಾನೂ ಇದೆ’ ಎಂದು ಅಲ್ಲೇ ತೂರಿಸುವುದು ಎರಡೂ ಕೆಟ್ಟ ಚಾಳಿ. ನಿಮಗೆ ಜಾಸ್ತಿ ಅನ್ನಿಸಿದರೆ ಮುಂದೆ ಸರಿಸಿ.

‘ಬೇಕು’ ಎಂದವರ ಸರದಿ ಇನ್ನೊಂದು ಗೋಜಲು. ಕ್ಲೇಮ್ ಮಾಡುವವರು ಆ ಫೋಟೊವನ್ನೇ ರಿಪ್ಲೈ ಮಾಡಿ ‘ಕ್ಲೇಮ್’ ಅಥವಾ ‘ನನಗೆ’ ಎಂದು ಬರೆಯಬೇಕು, ಲಾಟ್ ಆದರೆ ‘3, 7 ನನಗೆ’. ಹೃದಯದ ಎಮೋಜಿ, ಥಂಬ್ಸ್ ಅಪ್ಪು, ‘ಇಂಟ್ರೆಸ್ಟೆಡ್’ ಇವು ಕ್ಲೇಮ್ ಅಲ್ಲ. ಇಬ್ಬರು ಒಂದೇ ನಿಮಿಷದಲ್ಲಿ ಬರೆದರೆ ಇಬ್ಬರ ಫೋನಿನಲ್ಲೂ ತಮ್ಮದೇ ಮೇಲೆ ಕಾಣಿಸಬಹುದು, ಯಾಕೆಂದರೆ ಕಳಿಸಿದ ಮೆಸೇಜು ನಮ್ಮ ಪರದೆ ಮೇಲೆ ತಕ್ಷಣ ಕೂರುತ್ತದೆ, ಬೇರೆಯವರದು ತಲುಪಿದ ಮೇಲೆ ಕಾಣುತ್ತದೆ. ರೈಲಿನಲ್ಲಿ ಪಾಂಡವಪುರ ದಾಟುವಾಗ ಸಿಗ್ನಲ್ ಬಿಟ್ಟಿದ್ದರಂತೂ ಕೇಳುವುದೇ ಬೇಡ. ಇಬ್ಬರೂ ಸ್ಕ್ರೀನ್‌ಶಾಟ್ ಹಿಡಿದು ನಿಂತರೆ ಇಬ್ಬರದೂ ನಿಜವೇ. ಅದಕ್ಕೆ ಪೋಸ್ಟಿನಲ್ಲೇ ‘ನನ್ನ ಫೋನಿನಲ್ಲಿ ಯಾರದು ಮೊದಲು ಕಾಣುತ್ತೋ ಅವರಿಗೆ’ ಎಂದು ಬರೆದಿಡುವುದು ಜಾಣತನ. ಎರಡನೆಯವರು ‘ನೆಕ್ಸ್ಟ್’ ಎಂದು ಬರೆದು ಸಾಲಿನಲ್ಲಿ ನಿಲ್ಲಬಹುದು. ಮೊದಲನೆಯವರಿಗೆ ದುಡ್ಡು ಹಾಕಲು 24 ಗಂಟೆ ಗಡುವು. ತಿಂಗಳ ಕೊನೆ, ಸಂಬಳ ಬಂದಿಲ್ಲ ಅಂದರೆ ಕ್ಲೇಮ್ ಮಾಡುವ ಮೊದಲೇ ಹೇಳಿ ಕೇಳಬೇಕು.

ಪರ್ಸನಲ್ಲಿನಲ್ಲಿ ಯಾರೋ ನೂರು ರೂಪಾಯಿ ಜಾಸ್ತಿ ಕೊಡ್ತೀನಿ ಅಂದರು ಅಂತ ಗ್ರೂಪಿನಲ್ಲಿ ಕ್ಲೇಮ್ ಮಾಡಿದವರನ್ನು ಬಿಡುವುದು ಈ ಊರುಗಳಲ್ಲಿ ಮುಚ್ಚಿಡಲಾಗದ ಗುಟ್ಟು. ಕಾರ್ಡು ಕೂಡಿಡುವವರು ಎಲ್ಲರೂ ಎಲ್ಲರಿಗೂ ಗೊತ್ತು.

ವಾಟ್ಸಾಪಿನಲ್ಲಿ ಬರೆದದ್ದನ್ನು ತಿದ್ದಲು ಸಿಗುವುದು 15 ನಿಮಿಷ ಮಾತ್ರ. ಅಷ್ಟರೊಳಗೂ ಯಾರಾದರೂ ಕ್ಲೇಮ್ ಮಾಡಿದ್ದರೆ ಬೆಲೆ ತಿದ್ದುವ ಹಾಗಿಲ್ಲ. ಆಮೇಲೆ ಇಳಿಸುವುದಾದರೆ ಹಳೇ ಪೋಸ್ಟಿಗೆ ರಿಪ್ಲೈ ಮಾಡಿ ‘ಈಗ ಇಷ್ಟು’ ಎಂದು ಬರೆಯಿರಿ. ಮಾರಾಟವಾದ ಮೇಲೂ ಅಷ್ಟೇ: ರಿಪ್ಲೈ ಮಾಡಿ ‘ಸೋಲ್ಡ್’ ಎನ್ನಿ, ಪೋಸ್ಟ್ ಅಳಿಸಬೇಡಿ. ಮುಂದಿನವರಿಗೆ ಅದೇ ಬೆಲೆಯ ದಾಖಲೆ. ಡಿಸಪಿಯರಿಂಗ್ ಮೆಸೇಜ್ ಆನ್ ಇರುವ ಗ್ರೂಪಿನಲ್ಲಿ ವ್ಯವಹಾರ ಇಟ್ಟುಕೊಳ್ಳದಿರುವುದೇ ಕ್ಷೇಮ. ಹೋಗದ ಕಾರ್ಡನ್ನು ಮತ್ತೆ ಮೇಲೆ ತರಲು ಎರಡು ಮೂರು ದಿನ ಬಿಟ್ಟು ಒಂದು ‘ಅಪ್’ ಸಾಕು. ರಾತ್ರಿ ಹತ್ತರ ಮೇಲೆ ಬೇಡ. ಹಬ್ಬದ ಶುಭಾಶಯ, ಗುಡ್ ಮಾರ್ನಿಂಗ್ ಗುಲಾಬಿ ಇವುಗಳ ಬಗ್ಗೆ ಬರೆಯುವುದೇನೂ ಉಳಿದಿಲ್ಲ.

ನಕಲಿಯ ವಿಷಯ ಮಾತ್ರ ಸುಮ್ಮನಿರುವಂಥದ್ದಲ್ಲ. ಶಾಲೆಯ ಎದುರಿನ ಅಂಗಡಿಗಳಲ್ಲಿ, ದಸರಾ ವಸ್ತುಪ್ರದರ್ಶನದ ಆಟಿಕೆ ಮಳಿಗೆಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಪ್ಯಾಕುಗಳು, ಬಂಗಾರದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳು ಮಕ್ಕಳು ಆಡಲಿಕ್ಕೆ ಸರಿ, ಗ್ರೂಪಿಗಲ್ಲ. ಕಂಪನಿಯೇ ಲೋಹದ ಕಾರ್ಡು ತಂದದ್ದುಂಟು: 2021ರ ಸೆಲೆಬ್ರೇಷನ್ಸ್ ಅಲ್ಟ್ರಾ ಪ್ರೀಮಿಯಂ ಪೆಟ್ಟಿಗೆಯಲ್ಲಿ ಪಿಕಾಚು, ಚಾರಿಜಾರ್ಡ್, 2023ರ 151 ಪೆಟ್ಟಿಗೆಯಲ್ಲಿ ಮ್ಯೂ. ಅಂಗಡಿ ಬಾಗಿಲಲ್ಲಿ ಸರ ಕಟ್ಟಿ ನೇತುಹಾಕಿದ್ದು ಅವಲ್ಲ.

ನೋಡುವ ಕ್ರಮ ಹೀಗೆ. ಅದೇ ಕಾಲದ, ಖಚಿತವಾಗಿ ಅಸಲಿ ಎಂದು ಗೊತ್ತಿರುವ ಒಂದು ಅಗ್ಗದ ಕಾರ್ಡನ್ನು ಪಕ್ಕದಲ್ಲಿಡಿ. ಅಳತೆ 63ಕ್ಕೆ 88 ಮಿ.ಮೀ., ಎರಡನ್ನೂ ಜೋಡಿಸಿದರೆ ಅಂಚು ಕೂಡಬೇಕು. ಹಿಂಬದಿಯ ನೀಲಿ ನಕಲಿಯಲ್ಲಿ ನೇರಳೆಗೋ ಬಿಳಿಚಿದ ನೀಲಿಗೋ ತಿರುಗಿರುತ್ತದೆ. ಪೊಕೆಮಾನ್ ಎಂಬ ಹೆಸರಿನ ಇಂಗ್ಲಿಷ್ ‘ಇ’ ಅಕ್ಷರದ ಮೇಲೆ ಓರೆಗೆರೆ ಇರಬೇಕು. ಇಡೀ ಕಾರ್ಡಿಗೆ ಚಿತ್ರವಿರುವ ದುಬಾರಿ ಬಗೆಗಳಲ್ಲಿ ಹಲವಕ್ಕೆ ಉಗುರು ಸವರಿದರೆ ಸಿಗುವ ಸಣ್ಣ ಉಬ್ಬುಗೆರೆಗಳಿರುತ್ತವೆ, ಅವುಗಳ ನಕಲಿ ಸಾಮಾನ್ಯವಾಗಿ ನುಣ್ಣಗಿರುತ್ತದೆ. ಅಸಲಿಯ ಅಂಚನ್ನು ಪಕ್ಕದಿಂದ ಲೆನ್ಸಿನಲ್ಲಿ ನೋಡಿದರೆ ಎರಡು ಬಿಳಿ ಪದರದ ನಡುವೆ ತೆಳು ಕಪ್ಪು ಗೆರೆ. ಮೊಬೈಲ್ ಟಾರ್ಚಿನ ಪರೀಕ್ಷೆಯನ್ನು ಜನ ಅತಿಯಾಗಿ ನಂಬುತ್ತಾರೆ. ಅಸಲಿಯ ಒಳಗೂ ಒಂದಿಷ್ಟು ಬೆಳಕು ದಾಟುತ್ತದೆ, ಪಕ್ಕದ ಕಾರ್ಡಿನ ಜೊತೆ ಹೋಲಿಸದೆ ಅದು ಏನನ್ನೂ ಹೇಳುವುದಿಲ್ಲ. ಹರಿದು ನೋಡುವ ಪರೀಕ್ಷೆ ಒಳಗಿನ ಪದರವನ್ನು ತೋರಿಸುತ್ತದೆ, ಕಾರ್ಡು ಉಳಿಯುವುದಿಲ್ಲ ಅಷ್ಟೆ.

ಅನುಮಾನ ಬಂದರೆ ಗ್ರೂಪಿನ ಎದುರು ‘ಫೇಕ್’ ಎಂದು ಕೂಗುವ ಮೊದಲು ‘ಹಿಂಬದಿ, ಅಂಚು ಹತ್ತಿರದಿಂದ ಹಾಕ್ತೀರಾ?’ ಎಂದು ಕೇಳಿ. ಹಾಕಿದವರು ಎಂಟನೇ ಕ್ಲಾಸಿನ ಹುಡುಗನಾಗಿರಬಹುದು, ತನಗೇ ಗೊತ್ತಿಲ್ಲದಿರಬಹುದು. ಅದರಲ್ಲೂ ನಕಲಿಯ ಗುರುತು ಕಂಡರೆ ಅಡ್ಮಿನ್‌ಗೆ ತಿಳಿಸಿ, ಅವರು ಮಾರಾಟ ನಿಲ್ಲಿಸಿ ಕಾರಣ ಬರೆಯಲಿ. ಗೊತ್ತಿದ್ದೂ ಮಾರಿದ್ದಾರೆ ಎಂದು ರುಜುವಾತಾದಾಗ ಮಾತ್ರ ಹೆಸರು ಹೇಳುವ ಪ್ರಶ್ನೆ.

ಈ ಕಡೆ ಮಾತ್ರ ಎದುರಾಗುವ ಒಂದು ವಿಷಯ ಗಂಜೀಫಾ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಬೆಳೆದ ಎಲೆಯಾಟ ಅದು. ದಶಾವತಾರದ ಕಟ್ಟಿನಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ದುಂಡನೆಯ ಎಲೆಗಳು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ, ಶ್ರೀರಂಗಪಟ್ಟಣದಲ್ಲಿ ಗಂಜೀಫಾ ರಘುಪತಿ ಭಟ್ಟರು ಆ ಕಲೆಯನ್ನು ಬೆಳೆಸಿದರು. ಹೊಸದಾಗಿ ಬರೆದ ಕಟ್ಟನ್ನು ಮಾರುವುದರಲ್ಲಿ ತೊಂದರೆಯಿಲ್ಲ, ಬರೆದವರ ಹೆಸರು ಹಾಕಿ ಮಾರಿ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಹಳೇ ಕಟ್ಟಾದರೆ ನಿಲ್ಲಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂಥವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಗ್ರೂಪಿನಲ್ಲಿ ‘ವಿಂಟೇಜ್, ವರ್ಲ್ಡ್‌ವೈಡ್ ಶಿಪ್ಪಿಂಗ್’ ಎಂದು ಹಾಕಿದರೆ ಹಾಕಿದವರಿಗೂ ಅಡ್ಮಿನ್‌ಗೂ ತಲೆನೋವು.

ಅದಲುಬದಲಿಗೆ ಎರಡು ಕಡೆಯ ಕಾರ್ಡಿಗೂ ರೂಪಾಯಿ ಲೆಕ್ಕ ಬರೆದುಕೊಳ್ಳಿ, ಕಡಿಮೆ ಬಿದ್ದವರು ದುಡ್ಡು ಸೇರಿಸಲಿ. ಮೊದಲು ಯಾರು ಕಳಿಸಬೇಕು? ಗ್ರೂಪಿನಲ್ಲಿ ಹೆಚ್ಚು ವ್ಯವಹಾರ ಮಾಡಿ ಹೆಸರಿರುವವರಿಗೆ ಹೊಸಬರು ಮೊದಲು ಕಳಿಸುವುದು ರೂಢಿ. ಇಬ್ಬರೂ ಸಮ ಇದ್ದರೆ ಒಂದೇ ದಿನ ಕಳಿಸಿ ಟ್ರ್ಯಾಕಿಂಗ್ ನಂಬರ್ ಬದಲಾಯಿಸಿಕೊಳ್ಳುವುದು. ಮೈಸೂರು, ಮಂಡ್ಯದ ನಡುವೆ ಇರುವುದು ಸುಮಾರು 45 ಕಿ.ಮೀ., ದುಬಾರಿ ಕಾರ್ಡಾದರೆ ರೈಲು ಹತ್ತಿ ಕೈಗೇ ಕೊಡುವುದು ವಾಸಿ. ಸ್ಟೇಷನ್, ಸಬರ್ಬ್ ಬಸ್ ಸ್ಟ್ಯಾಂಡಿನಂಥ ಜನ ಓಡಾಡುವ ಜಾಗ, ಹಗಲು ಹೊತ್ತು, ಜೊತೆಗೆ ಒಬ್ಬರು.

ಅಂಚೆಗೆ ಕೊಡುವುದಾದರೆ ಕಟ್ಟುವ ಕ್ರಮ ಇದು. ಮೊದಲು ತೆಳು ಸ್ಲೀವ್, ಆಮೇಲೆ ಟಾಪ್‌ಲೋಡರ್, ಅಂದರೆ ಮೇಲ್ಗಡೆ ಬಾಯಿರುವ ಗಟ್ಟಿ ಪ್ಲಾಸ್ಟಿಕ್ ಕವಚ. ಸ್ಲೀವ್ ಇಲ್ಲದೆ ಟಾಪ್‌ಲೋಡರಿಗೆ ತುರುಕಿದರೆ ಅದರ ಅಂಚೇ ಕಾರ್ಡನ್ನು ಕೆರೆಯುತ್ತದೆ. ಬಾಯಿಗೆ ಮಾಸ್ಕಿಂಗ್ ಟೇಪ್, ತುದಿ ಒಂದಿಷ್ಟು ಮಡಚಿ ಬಿಟ್ಟು, ಬಿಚ್ಚುವವರಿಗೆ ಹಿಡಿತ ಸಿಗುವ ಹಾಗೆ. ಸೆಲ್ಲೊಟೇಪ್ ಬೇಡ, ಅಂಟು ಉಳಿಯುತ್ತದೆ. ಬ್ರೌನ್ ಟೇಪಂತೂ ಕತ್ತರಿಯನ್ನೇ ಕೇಳುತ್ತದೆ, ಕತ್ತರಿ ಕಾರ್ಡಿಗೆ ಹೋಗುತ್ತದೆ. ಇದನ್ನು ಜಿಪ್ ಕವರಿನಲ್ಲಿಟ್ಟು ಎರಡು ರಟ್ಟಿನ ನಡುವೆ ಸೇರಿಸಿ. ಡಬ್ಬದ ರಟ್ಟಾದರೆ ಒಂದರ ಏಣು ಉದ್ದಕ್ಕೆ, ಇನ್ನೊಂದರ ಏಣು ಅಡ್ಡಕ್ಕೆ ಬರಲಿ. ಎರಡೂ ಒಂದೇ ದಿಕ್ಕಿಗಿದ್ದರೆ ಆ ದಿಕ್ಕಿಗೇ ಮಡಚಿಕೊಳ್ಳುತ್ತದೆ. ಮನೆಯಲ್ಲಿ ಬಿದ್ದಿರುವ ದಪ್ಪ ಲಗ್ನಪತ್ರಿಕೆಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ರಟ್ಟು ಟಾಪ್‌ಲೋಡರಿಗಿಂತ ಸುತ್ತಲೂ ಒಂದು ಸೆಂ.ಮೀ. ದೊಡ್ಡದಿರಲಿ, ಮೂಲೆಗೆ ಬಿದ್ದ ಪೆಟ್ಟು ರಟ್ಟಿಗೇ ತಾಗಲಿ. ರಬ್ಬರ್ ಬ್ಯಾಂಡ್, ಸ್ಟೇಪ್ಲರ್ ಹತ್ತಿರವೂ ಸುಳಿಯಬಾರದು. ಕೆಲವರು ಈಗಲೂ ‘ರಿಜಿಸ್ಟರ್ಡ್ ಮಾಡಿ’ ಎನ್ನುತ್ತಾರೆ. 2025ರಲ್ಲಿ ಅದು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಸ್ಪೀಡ್ ಪೋಸ್ಟಿನ ನಂಬರ್ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’. ರಸೀತಿಯ ಫೋಟೊವನ್ನು ಆ ದಿನವೇ ಕೊಂಡವರಿಗೆ ಕಳಿಸಿ, ಗ್ರೂಪಿಗಲ್ಲ. ವಿಳಾಸ, ಫೋನ್ ನಂಬರ್ ಇರುವ ಲೇಬಲ್ಲನ್ನು ‘ಪಾರ್ಸೆಲ್ ಹೊರಟಿತು’ ಎಂದು ಗ್ರೂಪಿಗೆ ಹಾಕುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ದುಡ್ಡಿನ ವಿಷಯ ಚಿಕ್ಕದು. ಬಂತು ಎಂಬ ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಖಾತೆ ನೋಡಿ. ದುಡ್ಡು ಪಡೆಯುವುದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿದ್ರೆ ನಿಮಗೆ ಬರುತ್ತೆ’ ಎಂದರೆ ಅದು ನಿಮ್ಮ ಖಾತೆಯಿಂದ ಹೋಗುವ ದುಡ್ಡು. ಹೋಗಿಬಿಟ್ಟಿದ್ದರೆ ಗ್ರೂಪಿನಲ್ಲಿ ಗೋಳಾಡುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎದುರಿನವರು 18 ತುಂಬದವರು ಎಂದು ಗೊತ್ತಾದರೆ ಮನೆಯ ದೊಡ್ಡವರ ಜೊತೆ ಒಮ್ಮೆ ಮಾತಾಡಿ ಮುಂದುವರಿಯಿರಿ. ಅಪ್ರಾಪ್ತರ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ, ಅಪ್ಪನ ಫೋನಿನಿಂದ ಹೋದ ದುಡ್ಡನ್ನು ಅಪ್ಪ ವಾಪಸ್ ಕೇಳಿದರೆ ಕೊಡಬೇಕಾಗಿ ಬರಬಹುದು.

ಪಾರ್ಸೆಲ್ ಬಂದಾಗ ಬಿಚ್ಚುವ ಮೊದಲೇ ವಿಡಿಯೊ ಶುರು ಮಾಡಿ. ಆರೂ ಬದಿ ತೋರಿಸಿ, ಲೇಬಲ್ ತೋರಿಸಿ, ಕತ್ತರಿಸಿ, ಕಾರ್ಡಿನ ಎರಡೂ ಬದಿ ಬೆಳಕಿಗೆ ಹಿಡಿಯುವ ತನಕ ನಿಲ್ಲಿಸಬೇಡಿ. ನಡುವೆ ಕಟ್ ಆದ ವಿಡಿಯೊ ದೂರಿಗೆ ಬರುವುದಿಲ್ಲ. ತಕರಾರಿದ್ದರೆ 24 ಗಂಟೆಯೊಳಗೆ ಮೊದಲು ಮಾರಿದವರಿಗೆ ಹೇಳಿ. ಒಪ್ಪದಿದ್ದರೆ ಅಡ್ಮಿನ್‌ಗೆ ನಾಲ್ಕೇ ವಸ್ತು ಕಳಿಸಿ: ಮೂಲ ಪೋಸ್ಟ್, ಕ್ಲೇಮ್, ದುಡ್ಡು ಹೋದ ದಾಖಲೆ, ವಿಡಿಯೊ. ಪೋಸ್ಟಿನಲ್ಲಿ ಬರೆದಿದ್ದ ದೋಷಕ್ಕೆ ದುಡ್ಡು ವಾಪಸಿಲ್ಲ. ಬರೆಯದಿದ್ದ ದೋಷಕ್ಕೆ ಪೂರ್ತಿ ವಾಪಸ್, ಅಂಚೆ ಖರ್ಚು ಎರಡೂ ಕಡೆಯದು ಮಾರಿದವರ ಮೇಲೆ. ದಾರಿಯಲ್ಲಿ ಕಳೆದರೆ ಯಾರ ತಲೆಗೆ ಎಂಬುದನ್ನು ಮಾರುವ ಪೋಸ್ಟಿನಲ್ಲೇ ಒಂದು ಸಾಲು ಬರೆದಿಟ್ಟಿರಬೇಕಿತ್ತು. ಬರೆದಿಲ್ಲದಿದ್ದರೆ ಕಳಿಸಿದವರೇ ಹೊರುತ್ತಾರೆ.